ವರಮಾನದ ‘ತಾರತಮ್ಯ’ವೋ, ‘ಅಸಮಾನತೆ’ಯೋ?

ಮಾನ್ಯರೇ,

ಬಾಗಲಕೋಟೆಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ಅರ್ಥಶಾಸ್ತ್ರ ಹೇಳಿಕೊಡುವ ನನಗೆ ಒಂದು ಪದದ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ. ದೇಶವೊಂದು ಕೃಷಿಯಿಂದ ಕೈಗಾರಿಕೆಯತ್ತ ಹೊರಳುವಾಗ ಜನರ ವರಮಾನದ ಅಂತರ ಮೊದಲು ಹಿಗ್ಗಿ, ಬೆಳವಣಿಗೆ ಬಲಿತ ಮೇಲೆ ಕುಗ್ಗಬಹುದೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್ 1955ರಲ್ಲಿ ಮಂಡಿಸಿದ ವಾದವನ್ನು (ಅದರಲ್ಲಿ ಶೇ. 95ರಷ್ಟು ಊಹೆಯೇ ಇರಬಹುದೆಂದು ಅವರೇ ಒಪ್ಪಿಕೊಂಡಿದ್ದರು) ವಿವರಿಸುತ್ತ, ‘ಮೊದಲ ಹಂತದಲ್ಲಿ ವರಮಾನದ ತಾರತಮ್ಯ ಹೆಚ್ಚುತ್ತದೆ’ ಎಂದು ಹಲಗೆಯ ಮೇಲೆ ಬರೆದಿದ್ದೆ. ಇಳಕಲ್ಲಿನ ನೇಕಾರರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತು, ‘ತಾರತಮ್ಯ ಹೆಚ್ಚತೈತಿ ಅಂದ್ರ, ಮಾಡೋರು ಯಾರ್ರಿ ಸರ?’ ಎಂದಳು.

ಪ್ರಶ್ನೆ ಅರ್ಥಶಾಸ್ತ್ರದ್ದಷ್ಟೇ ಅಲ್ಲ, ವ್ಯಾಕರಣದ್ದೂ ಹೌದು. ‘ಮಕ್ಕಳಲ್ಲಿ ತಾರತಮ್ಯ ಮಾಡಬೇಡ’ ಎನ್ನುತ್ತೇವೆ. ‘ಅಸಮಾನತೆ ಮಾಡಬೇಡ’ ಎಂದು ಯಾರೂ ಹೇಳುವುದಿಲ್ಲ. ಮೊದಲನೆಯದಕ್ಕೆ ಮಾಡುವವನೊಬ್ಬ ಬೇಕು, ಎರಡನೆಯದು ಸುಮ್ಮನೆ ಇರುತ್ತದೆ. ಮೂಲದಲ್ಲಿ ಹೀಗಿರಲಿಲ್ಲ. ‘ತರ’, ‘ತಮ’ ಎಂಬ ಸಂಸ್ಕೃತ ಪ್ರತ್ಯಯಗಳಿಂದ ಹುಟ್ಟಿದ ‘ತಾರತಮ್ಯ’ಕ್ಕೆ ಮೆಟ್ಟಿಲು ಮೆಟ್ಟಿಲಾದ ಮೇಲುಕೀಳು ಎಂದಷ್ಟೇ ಅರ್ಥ, ಮಾಧ್ವರು ಜೀವರ ತಾರತಮ್ಯ ಎನ್ನುವಾಗ ಇಂದಿಗೂ ಅದೇ ಅರ್ಥ. ಕರ್ನಾಟಕದ ಪ್ರದೇಶಗಳ ನಡುವಿನ ಅಂತರವನ್ನು ಅಧ್ಯಯನ ಮಾಡಿದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದ, ಅತಿ ಹಿಂದುಳಿದ, ಅತ್ಯಂತ ಹಿಂದುಳಿದ ಎಂದು ವಿಂಗಡಿಸಿದ್ದು ಅಕ್ಷರಶಃ ತರತಮವೇ. ಆದರೆ ಆ ಸಮಿತಿಯ ಹೆಸರಿನೊಂದಿಗೆ ಬಳಕೆಗೆ ಬಂದದ್ದು ‘ಪ್ರಾದೇಶಿಕ ಅಸಮತೋಲನ’. ಪ್ರದೇಶಗಳ ಮಟ್ಟಿಗೆ ಅದು ಸರಿಯಿರಬಹುದು, ವರಮಾನಕ್ಕೆ ಒಗ್ಗದು. ‘ತೋಲನ’ವೆಂದರೆ ತೂಗುವುದು; ತಕ್ಕಡಿಗೆ ಎರಡೇ ತಟ್ಟೆ, ವರಮಾನಕ್ಕೆ ಮೆಟ್ಟಿಲು ಹಲವು. ‘ಹೆಚ್ಚುಕಡಿಮೆ’ ಎನ್ನೋಣವೆಂದರೆ, ನಮ್ಮ ಕಡೆ ‘ಏನರೆ ಹೆಚ್ಚುಕಡಿಮಿ ಆದ್ರ’ ಎಂದರೆ ಅನಾಹುತವಾದರೆ ಎಂದೇ ಅರ್ಥ.

ಎಲ್ಲರಿಗೂ ಸಮಪಾಲಾದರೆ 0, ಎಲ್ಲವೂ ಒಬ್ಬನದೇ ಆದರೆ 1 ಎನ್ನುವ ಜಿನಿ ಸೂಚ್ಯಂಕ ಅಳೆಯುವುದನ್ನು ‘ಅಸಮಾನತೆ’ ಎಂದೂ, ಒಂದೇ ಹೊಲದ ಒಂದೇ ಕೆಲಸಕ್ಕೆ ಹೆಂಗಸರಿಗೆ ಕಡಿಮೆ ಕೂಲಿ ಕೊಡುವುದನ್ನು ‘ತಾರತಮ್ಯ’ ಎಂದೂ ಸದ್ಯಕ್ಕೆ ಬೇರ್ಪಡಿಸಿಕೊಂಡಿದ್ದೇನೆ. ತೊಡಕಿರುವುದು ನಡುವಿನ ಸಂಗತಿಗಳಲ್ಲಿ. ನೂಲು ಕೊಟ್ಟು ಸೀರೆಗಿಷ್ಟು ಎಂದು ಕೂಲಿ ಎಣಿಸುವ ಸಾಹುಕಾರನಿಗೂ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವಿಡೀ ನೇಯುವವನಿಗೂ ಇರುವ ಅಂತರವನ್ನು ‘ಅಸಮಾನತೆ’ ಎಂದರೆ ಅದು ಮಳೆಯಂತೆ ತಾನಾಗಿ ಬಿದ್ದದ್ದೆನಿಸುತ್ತದೆ. ‘ತಾರತಮ್ಯ’ ಎಂದರೆ ಬಂಡವಾಳ, ಸಾಲ, ಮಾರುಕಟ್ಟೆ ಎಲ್ಲವೂ ಸೇರಿ ಆದದ್ದು ಸಾಹುಕಾರನೊಬ್ಬನ ತಲೆಗೆ ಬರುತ್ತದೆ. ಇಂಥ ಕಡೆ ನೀವು ಯಾವ ಪದ ಬಳಸುತ್ತೀರಿ, ಹಳೆಯ ಬರವಣಿಗೆಯಲ್ಲಿ ಬೇರೊಂದು ಪದ ಕಂಡದ್ದುಂಟೇ ಎಂಬುದನ್ನು ಬಳಕೆಯ ವಾಕ್ಯದ ಸಮೇತ ತಿಳಿಸಬೇಕೆಂದು ವಿನಂತಿ.