ಉಳಿದ ಎರಡು ಮಂಗಳವಾರ: ಓದುಗರ ಸ್ಪಂದನ

ಸಮಸ್ಯೆ: ಪತಿಯ ಕಾಯಿಲೆ ಗುಣವಾಗಲೆಂದು ಸಂತ ಅಂತೋಣಿಯವರಿಗೆ 13 ಮಂಗಳವಾರಗಳ ಪ್ರಾರ್ಥನೆ ಹಿಡಿದಿದ್ದೆ. ಹನ್ನೊಂದನೆಯ ವಾರ ಮುಗಿದ ಮೇಲೆ ಅವರು ತೀರಿಕೊಂಡರು. ಉಳಿದ ಎರಡು ವಾರ ಪೂರೈಸಲು ನನಗೆ ಮನಸ್ಸಿಲ್ಲ. ಹರಕೆ ಮುರಿದರೆ ಮಕ್ಕಳಿಗೆ ಕೇಡು ಎನ್ನುತ್ತಾರೆ ಅತ್ತೆ. ಸಂತರ ಪ್ರತಿಮೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಇದು ಪಾಪವೇ?
– ದಾವಣಗೆರೆಯ ಓದುಗರು

ಸಹೋದರಿ, ನಾನೂ ಪತಿಯನ್ನು ಕಳೆದುಕೊಂಡವಳು. ಸಮಾಧಿಯ ಮಣ್ಣು ಆರುವ ಮುನ್ನವೇ ಮನೆಗೆ ಬಂದವರೆಲ್ಲ ‘ದೇವರ ಚಿತ್ತ’ ಎಂದು ಹೇಳಿ ಹೋಗುತ್ತಿದ್ದರು. ಆ ಮಾತು ಕೇಳಿದಷ್ಟೂ ಜಪಸರ ಹಿಡಿಯುವ ಕೈ ಹಿಂದಕ್ಕೆ ಸರಿಯುತ್ತಿತ್ತು. ಒಂದು ವರ್ಷ ನಾನು ಪೂಜೆಗೆ ಹೋದೆನಾದರೂ ಕೊನೆಯ ಬೆಂಚಿನಲ್ಲಿ ಕುಳಿತು, ತುಟಿ ಬಿಚ್ಚದೆ ಎದ್ದು ಬರುತ್ತಿದ್ದೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ನಮ್ಮೂರ ಆರೋಗ್ಯ ಮಾತೆಯ ಸನ್ನಿಧಿಗೆ ಊರೂರುಗಳಿಂದ ಜನ ಬಂದು, ಗುಣ ಕಂಡವರು ಹರಕೆ ತೀರಿಸುವುದನ್ನು ನೋಡಿದಾಗ ನನಗೆ ಹೊಟ್ಟೆಕಿಚ್ಚಾಗಿತ್ತೆಂದು ಒಪ್ಪಿಕೊಳ್ಳಲು ಈಗ ಸಂಕೋಚವಿಲ್ಲ.

ಆ ದಿನಗಳಲ್ಲಿ ನನಗೆ ಆಸರೆಯಾದದ್ದು ಬೈಬಲಿನ ಯೊವಾನ್ನರ ಶುಭಸಂದೇಶದ 11ನೆಯ ಅಧ್ಯಾಯ. ಲಾಜರನನ್ನು ಸಮಾಧಿ ಮಾಡಿ ನಾಲ್ಕು ದಿನಗಳಾದ ಮೇಲೆ ಬಂದ ಯೇಸುಸ್ವಾಮಿಗೆ ಮಾರ್ತಳು ಮೊದಲು ಹೇಳುವುದು ದೂರನ್ನೇ: ನೀವು ಇಲ್ಲಿದ್ದಿದ್ದರೆ ನನ್ನ ಸಹೋದರ ಸಾಯುತ್ತಿರಲಿಲ್ಲ. ತಂಗಿ ಮರಿಯಳದೂ ಅದೇ ಮಾತು. ಸ್ವಾಮಿ ಗದರಲಿಲ್ಲ, ಅತ್ತರು. ಹೀಗೆ ದೂರಿದ ಮಾರ್ತಳನ್ನೇ ನಮ್ಮ ಕಥೋಲಿಕ ಧರ್ಮಸಭೆ ಪ್ರತಿವರ್ಷ ಜುಲೈ 29ರಂದು ಸಂತಳೆಂದು ಸ್ಮರಿಸುತ್ತದೆ.

ಅಂತೋಣಿಯವರ ಕೊನೆಯ ದಿನವನ್ನೂ ನೆನೆದುಕೊಳ್ಳಿ. 1231ರ ಜೂನ್ 13ರಂದು, ದೇಹ ಪೂರ್ತಿ ಸೋತಾಗ, ತಮ್ಮನ್ನು ಇಟಲಿಯ ಪಾದುವಾ ಊರಿಗೆ ಕರೆದೊಯ್ಯಬೇಕೆಂದು ಕೇಳಿಕೊಂಡು ಎತ್ತಿನ ಗಾಡಿಯಲ್ಲಿ ಹೊರಟ ಅವರು ಊರು ಮುಟ್ಟಲಿಲ್ಲ. ಹೊರವಲಯದ ಆರ್ಚೆಲ್ಲಾದಲ್ಲೇ ಪ್ರಾಣ ಬಿಟ್ಟರು. ಆಗ ಅವರಿಗೆ ಸುಮಾರು 36 ವರ್ಷ. ಅವರನ್ನು ಮಣ್ಣು ಮಾಡಿದ್ದು ಮಂಗಳವಾರ, ನಮ್ಮ ಮಂಗಳವಾರದ ಭಕ್ತಿಯ ಮೂಲವೂ ಅದೇ. ನೀವು ಹನ್ನೊಂದು ವಾರ ಮೇಣದಬತ್ತಿ ಹಚ್ಚಿದ್ದು ಒಂದು ಶವಸಂಸ್ಕಾರದ ದಿನದ ನೆನಪಿನಲ್ಲಿ. ಕೊನೆಯ ಆಸೆ ಕೈಗೂಡದೆ ಹೋದ ಈ ಮನುಷ್ಯನಿಗೆ ನಿಮ್ಮ ಸಿಟ್ಟು ಅರ್ಥವಾಗದೇ? ಪ್ರತಿಮೆ ಬೀರುವಿನಲ್ಲೇ ಇರಲಿ. ಬೈಯಬೇಕೆನಿಸಿದರೆ ಬೀರುವಿನ ಮುಂದೆ ನಿಂತೇ ಬೈಯಿರಿ.
– ನಿವೃತ್ತ ಶಿಕ್ಷಕಿ, ಹರಿಹರ

ಹರಕೆಯ ಭಯದ ಬಗ್ಗೆ ಮಾತ್ರ ಬರೆಯುತ್ತೇನೆ. ಧರ್ಮಸಭೆಯ 1983ರ ಕಾನೂನು ಸಂಹಿತೆಯಂತೆ ಹರಕೆಯೆಂದರೆ ಯೋಚಿಸಿ, ಸ್ವಇಚ್ಛೆಯಿಂದ ದೇವರಿಗೆ ಕೊಟ್ಟ ಮಾತು. ಯಾವ ಉದ್ದೇಶಕ್ಕಾಗಿ ಕೊಟ್ಟರೋ ಆ ಉದ್ದೇಶವೇ ಇಲ್ಲವಾದರೆ ಹರಕೆಯೂ ನಿಲ್ಲುತ್ತದೆಂದು ಅದರ 1194ನೆಯ ವಿಧಿ ಹೇಳುತ್ತದೆ. ಮೇಲಾಗಿ, ವಾರಗಳ ಲೆಕ್ಕ ಹಿಡಿದು ಪ್ರಾರ್ಥಿಸಿದ ಮಾತ್ರಕ್ಕೆ ಅದು ಹರಕೆಯಾಗುವುದಿಲ್ಲ. ಸಂತರು ನಮಗಾಗಿ ದೇವರಲ್ಲಿ ಬೇಡುವವರು. ಅವರು ಮುನಿದು ಮಕ್ಕಳ ಮೇಲೆ ಸೇಡು ತೀರಿಸಿಕೊಳ್ಳುತ್ತಾರೆಂಬ ಬೋಧನೆ ನಮ್ಮಲ್ಲಿಲ್ಲ. ಆದರೂ ಮನಸ್ಸು ಅಳುಕಿದರೆ ಧರ್ಮಕೇಂದ್ರದ ಗುರುಗಳನ್ನು ಕಾಣಿ; ಖಾಸಗಿ ಹರಕೆಯಿಂದ ಬಿಡುಗಡೆ ಕೊಡುವ ಅಧಿಕಾರ ಅವರಿಗಿದೆ, ಮತ್ತು ಅವರ ಬಾಯಿಂದಲೇ ಕೇಳಿದರೆ ಅತ್ತೆಯವರೂ ನಂಬಿಯಾರು. ನವೆಂಬರ್ 2ರ ಮೃತರ ಸ್ಮರಣೆಯಂದು ಪತಿಯ ಹೆಸರಿನಲ್ಲಿ ಒಂದು ಪೂಜೆ ಹೇಳಿಸಿ.
– ಧರ್ಮೋಪದೇಶ ಹೇಳಿಕೊಡುವವರು, ಚಿತ್ರದುರ್ಗ

ನಾನು ಕ್ರೈಸ್ತಳಲ್ಲ, ನಿಮ್ಮ ಪ್ರಾರ್ಥನೆಯ ವಿಧಿ ನನಗೆ ತಿಳಿಯದು. ಪತ್ರದಲ್ಲಿ ಅತ್ತೆ ಹೆದರಿಸುವವರಾಗಿ ಮಾತ್ರ ಕಾಣುತ್ತಾರೆ, ಆದರೆ ಅವರು ಕಳೆದುಕೊಂಡದ್ದು ಹೆತ್ತ ಮಗನನ್ನು. ನನ್ನ ತಮ್ಮ ತೀರಿಕೊಂಡ ಮೇಲೆ, ಅವನು ಮಂಡಕ್ಕಿ ಭಟ್ಟಿಯ ಕೆಲಸ ಮುಗಿಸಿ ಬರುತ್ತಿದ್ದ ಹೊತ್ತಿಗೆ ಬಾಗಿಲ ಚಿಲಕ ತೆಗೆದಿಡುವುದನ್ನು ನಮ್ಮವ್ವ ತಿಂಗಳುಗಟ್ಟಲೆ ಬಿಡಲಿಲ್ಲ. ಕಳ್ಳಕಾಕರ ಭಯವೆಂದು ನಾವು ಗದರಿದರೆ, ಚಿಲಕ ಹಾಕಿದರೆ ಮನೆಗೆ ಒಳ್ಳೆಯದಾಗದು ಎನ್ನುತ್ತಿದ್ದಳು. ಹಾಕಲು ಕೈ ಬಾರದು ಎಂದು ಹೇಳಲು ಅವಳಿಗೆ ಬರುತ್ತಿರಲಿಲ್ಲ, ಅಷ್ಟೆ. ನಿಮ್ಮ ಅತ್ತೆಗೆ ಉಳಿದ ಎರಡು ಮಂಗಳವಾರಗಳೂ ಹಾಗೆಯೇ ಇರಬಹುದು. ಬೀರುವಿನ ಬೀಗದ ಕೈಯನ್ನು ಅವರಿಗೆ ಕೊಡಿ. ಮೇಣದಬತ್ತಿಯನ್ನು ಅವರೇ ಹಚ್ಚಲಿ. ನೀವು ಅಡುಗೆಮನೆಯಲ್ಲೇ ಇರಿ, ಮನಸ್ಸಾದರೆ ಬಾಗಿಲವರೆಗೆ ಬನ್ನಿ.
– ಗೃಹಿಣಿ, ದಾವಣಗೆರೆ