ಮೂರು ವಾರವಾಯಿತು, ಮೂಗು ಇನ್ನೂ ದಪ್ಪಗೇ ಇದೆ ಡಾಕ್ಟ್ರೇ!

ಎಲ್ಲರಿಗೂ ನಮಸ್ಕಾರ. ನಾನು ಪ್ಲಾಸ್ಟಿಕ್ ಸರ್ಜನ್. ಈ ವಾರ ಗುಂಪಿಗೆ ಬಂದ ಪ್ರಶ್ನೆಗಳಿಗೆ ಇವತ್ತು ಕೂತು ಉತ್ತರ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ. ದಯವಿಟ್ಟು ಗಾಯದ ಫೋಟೋ ಇಲ್ಲಿ ಹಾಕಬೇಡಿ, ನಿಮಗೆ ಆಪರೇಷನ್ ಮಾಡಿದವರಿಗೆ ಕಳಿಸಿ. ಒಳಗೆ ಏನು ಮಾಡಿದ್ದಾರೆ ಅಂತ ಗೊತ್ತಿರುವುದು ಅವರಿಗೆ ಮಾತ್ರ.

ಪ್ರಶ್ನೆ (24 ವರ್ಷ, ದಾವಣಗೆರೆ): ಮೂಗಿನ ಗೂನು ತೆಗೆಸಿ, ತುದಿ ಸಣ್ಣ ಮಾಡಿಸಿ ಮೂರು ವಾರವಾಯಿತು. ಕಣ್ಣಿನ ಸುತ್ತ ಇದ್ದ ನೀಲಿ ಹೋಯಿತು. ತುದಿ ಮಾತ್ರ ಮೊದಲಿಗಿಂತ ದಪ್ಪ, ಮುಟ್ಟಿದರೆ ಗಟ್ಟಿ. ಬೆಳಿಗ್ಗೆ ಎದ್ದಾಗ ಇನ್ನೂ ಜಾಸ್ತಿ. ಎರಡು ತಿಂಗಳಲ್ಲಿ ಅಕ್ಕನ ಮದುವೆ. "ಇದ್ದ ಮೂಗೇ ಚೆನ್ನಾಗಿತ್ತು" ಅಂತ ಅಮ್ಮ ದಿನಾ ಹೇಳುತ್ತಾರೆ. ಏನಾದರೂ ತಪ್ಪಾಗಿದೆಯಾ?

ಉತ್ತರ: ನೀವು ಬರೆದಿರುವುದು ಮೂರನೇ ವಾರದ ಮೂಗಿನ ಸರಿಯಾದ ವರ್ಣನೆ. ಕಣ್ಣಿನ ಸುತ್ತಲಿನ ನೀಲಿ ಎರಡು ವಾರದಲ್ಲಿ ಹೋಗುತ್ತದೆ. ಅದು ಹೋಯಿತಲ್ಲ, ಊತವೂ ಹೋಗಿರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲಿಂದಲೇ ಗಾಬರಿ ಶುರು. ಊತದ ಲೆಕ್ಕವೇ ಬೇರೆ. ಆಪರೇಷನ್‌ನಲ್ಲಿ ಮೂಗಿನ ಚರ್ಮವನ್ನು ಒಳಗಿನ ಮೃದು ಎಲುಬಿನಿಂದ ಬಿಡಿಸಿ, ಕೆಲಸ ಮುಗಿಸಿ, ಮತ್ತೆ ಮುಚ್ಚುತ್ತೇವೆ. ಆಗ ನೀರು ಹರಿದುಹೋಗುವ ಸಣ್ಣ ಸಣ್ಣ ನಾಳಗಳು ತುಂಡಾಗುತ್ತವೆ. ಅವು ಮತ್ತೆ ಕೂಡಿಕೊಳ್ಳಲು ತಿಂಗಳುಗಳು ಬೇಕು. ರಾತ್ರಿ ಮಲಗಿದಾಗ ನೀರು ಮುಖದಲ್ಲೇ ನಿಲ್ಲುತ್ತದೆ, ಅದಕ್ಕೇ ಬೆಳಿಗ್ಗೆ ದಪ್ಪ. ಎರಡು ದಿಂಬು ಹಾಕಿ ಮಲಗಿ.

ಮೂರು ತಿಂಗಳಿಗೆ ಊತ ಬಹುಪಾಲು ಇಳಿಯುತ್ತದೆ. ತುದಿ ಎಲ್ಲಕ್ಕಿಂತ ಕೊನೆ, ಅದಕ್ಕೆ ಒಂದು ವರ್ಷ. ನಮ್ಮಲ್ಲಿ ತುಂಬ ಜನರಿಗೆ ಮೂಗಿನ ತುದಿಯ ಚರ್ಮ ದಪ್ಪ, ಎಣ್ಣೆ ಅಂಶ ಜಾಸ್ತಿ. ಅಂಥವರಿಗೆ ಇನ್ನೂ ನಿಧಾನ. ವರ್ಷ ತುಂಬುವ ಮೊದಲೇ "ಮತ್ತೊಮ್ಮೆ ಸರಿಮಾಡೋಣ" ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ.

ಸೆಲ್ಫಿ ತೆಗೆಯುವುದನ್ನು ಇವತ್ತೇ ನಿಲ್ಲಿಸಿ. ಫೋನು ಮುಖಕ್ಕೆ ಒಂದಡಿ ದೂರದಲ್ಲಿದ್ದರೆ ಯಾರ ಮೂಗಾದರೂ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ತಿಂಗಳಿಗೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ ನಿಂತು, ಐದಾರು ಅಡಿ ದೂರದಿಂದ ಬೇರೆಯವರ ಕೈಯಲ್ಲಿ ಫೋಟೋ ತೆಗೆಸಿ ಇಟ್ಟುಕೊಳ್ಳಿ. ಕನ್ನಡಕ ಇದ್ದರೆ ಆರು ವಾರ ಮೂಗಿನ ಮೇಲೆ ಭಾರ ಬೀಳಬಾರದು. ಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆ ಹಾಕುವಾಗ ಅಡುಗೆಮನೆಯಿಂದ ಆಚೆ ಬನ್ನಿ. ಸೀನು ಬಂದೇಬಿಟ್ಟರೆ ತಡೆಯಬೇಡಿ, ಬಾಯಿ ತೆರೆದು ಸೀನಿ.

ಅಮ್ಮನಿಗೆ ಒಂದು ಹಳೆಯ ಕಥೆ ಹೇಳಿ. ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಕಡೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು 1792ರಲ್ಲಿ ಟಿಪ್ಪು ಸೈನ್ಯದ ಕೈಗೆ ಸಿಕ್ಕಿದ. ಅವನ ಮೂಗು ಕತ್ತರಿಸಿದರು. ಒಂದು ವರ್ಷ ಮೂಗಿಲ್ಲದೆ ಇದ್ದ. ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹಣೆಯ ಚರ್ಮ ತಿರುಗಿಸಿ ಹೊಸ ಮೂಗು ಕೂರಿಸಿದ. 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರ ಸಮೇತ ಅಚ್ಚಾಯಿತು. ಕ್ಯಾನ್ಸರಿನಿಂದ ಮೂಗು ಹೋದವರಿಗೆ ನಾವು ಇವತ್ತಿಗೂ ಹಣೆಯ ಚರ್ಮವನ್ನೇ ಬಳಸುತ್ತೇವೆ. ಅವನ ಚಿತ್ರ ಬರೆದದ್ದೂ ಆಪರೇಷನ್ ಆಗಿ ತಿಂಗಳುಗಳು ಕಳೆದ ಮೇಲೆ, ಮೂರನೇ ವಾರದಲ್ಲಲ್ಲ!

ಪ್ರಶ್ನೆ (31, ಬೆಂಗಳೂರು): ಹೇರ್ ಟ್ರಾನ್ಸ್‌ಪ್ಲಾಂಟ್ ಆಗಿ ಐದು ವಾರ. ನೆಟ್ಟ ಕೂದಲೆಲ್ಲ ದಿಂಬಿನ ಮೇಲಿದೆ. ದುಡ್ಡು ನೀರಿಗೆ ಹೋಯಿತಾ?

ಉತ್ತರ: ಇಲ್ಲ. ಉದುರಿದ್ದು ಕಡ್ಡಿ, ಬೇರು ಒಳಗಿದೆ. ಎರಡನೇ ವಾರದಿಂದ ಎರಡನೇ ತಿಂಗಳೊಳಗೆ ಹೆಚ್ಚುಕಡಿಮೆ ಎಲ್ಲರಿಗೂ ಉದುರುತ್ತದೆ. ಮೂರು, ನಾಲ್ಕು ತಿಂಗಳಿಗೆ ಸಣ್ಣ ಕೂದಲು ಏಳುತ್ತದೆ. ಪೂರ್ತಿ ಗೊತ್ತಾಗುವುದು ವರ್ಷಕ್ಕೆ, ನಡುನೆತ್ತಿಯಲ್ಲಿ ಇನ್ನೂ ತಡ. ಇದನ್ನು ಮೊದಲೇ ನಿಮಗೆ ಯಾರೂ ಹೇಳಲಿಲ್ಲ ಅನ್ನುವುದೇ ನನಗೆ ಬೇಸರ. ಅಂದಹಾಗೆ, ಈ ಕೆಲಸ ಡಾಕ್ಟರೇ ಮಾಡಬೇಕು ಅಂತ ನ್ಯಾಷನಲ್ ಮೆಡಿಕಲ್ ಕಮಿಷನ್ 2022ರಲ್ಲೇ ಹೇಳಿದೆ. ಹಾಗಿದ್ದೂ ನಿಮ್ಮ ತಲೆಗೆ ಕೈ ಹಾಕಿದವರು ಯಾರು ಅಂತ ಕೇಳಿದರೆ ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ.

ಪ್ರಶ್ನೆ (36, ಹಾಸನ): ಎರಡು ಸಿಸೇರಿಯನ್ ಆದ ಮೇಲೆ ಜೋತುಬಿದ್ದ ಹೊಟ್ಟೆಗೆ ಟಮ್ಮಿ ಟಕ್ ಮಾಡಿಸಿಕೊಂಡು ಹತ್ತು ದಿನವಾಯಿತು. ನಂಜಾಗುತ್ತದೆ ಅಂತ ಅತ್ತೆ ಮೊಟ್ಟೆ, ಬದನೆಕಾಯಿ, ಆಲೂಗಡ್ಡೆ, ತೊಗರಿಬೇಳೆ ಎಲ್ಲ ಬಿಡಿಸಿದ್ದಾರೆ. ಬರೀ ಗಂಜಿ, ಮೆಣಸಿನ ಸಾರು. ಹೊಲಿಗೆಗೆ ಅರಿಶಿನ ತುಪ್ಪ ಹಚ್ಚು ಅಂತಲೂ ಹೇಳುತ್ತಿದ್ದಾರೆ. ನೆಟ್ಟಗೆ ನಿಲ್ಲಲೂ ಆಗುತ್ತಿಲ್ಲ.

ಉತ್ತರ: ನಂಜಿನ ಪಟ್ಟಿ ಊರಿಗೊಂದು ಇದೆ. ಒಂದು ಕಡೆ ಬದನೆಕಾಯಿ ಕೂಡದು, ಇನ್ನೊಂದು ಕಡೆ ಕಡಲೆಕಾಯಿ ಕೂಡದು. ವಾರ್ಡಿನಲ್ಲಿ ಅಕ್ಕಪಕ್ಕದ ಎರಡು ಮಂಚದವರು ಬೇರೆ ಬೇರೆ ಪಟ್ಟಿ ಹಿಡಿದು ಜಗಳ ಆಡಿದ್ದನ್ನು ನೋಡಿದ್ದೇನೆ. ಗಾಯಕ್ಕೆ ಕೀವು ತರುವುದು ಕ್ರಿಮಿ, ಬದನೆಕಾಯಿ ಅಲ್ಲ. ಹೊಸ ಚರ್ಮ ಕಟ್ಟಲು ದೇಹಕ್ಕೆ ಪ್ರೋಟೀನ್ ಬೇಕು. ನಿಮ್ಮ ಅತ್ತೆ ತಟ್ಟೆಯಿಂದ ತೆಗೆದದ್ದರಲ್ಲಿ ಪ್ರೋಟೀನ್ ಇರುವ ಮೊಟ್ಟೆ, ಬೇಳೆ ಎರಡೂ ಹೋಗಿವೆ. ಮೊಟ್ಟೆ, ಬೇಳೆ, ಮೊಸರು, ಮಾಂಸ ತಿನ್ನುವವರಾದರೆ ಕೋಳಿ, ಮೀನು, ಎಲ್ಲ ತಿನ್ನಿ. ಮೊದಲೇ ಅಲರ್ಜಿ ಇರುವುದನ್ನು ಬಿಟ್ಟರೆ ಸಾಕು. ಅತ್ತೆಯ ಜತೆ ವಾದ ಬೇಡ, ನನ್ನ ಹೆಸರು ಹೇಳಿ. ಬೈಗುಳ ತಿಂದು ಅಭ್ಯಾಸವಿದೆ.

ಅರಿಶಿನ ಸಾರಿಗೆ ಇರಲಿ, ತುಪ್ಪ ಅನ್ನಕ್ಕೆ ಇರಲಿ. ಹಸಿ ಹೊಲಿಗೆಯ ಮೇಲೆ ಎರಡೂ ಬೇಡ.

ಬಗ್ಗಿ ನಡೆಯುವುದು ಸರಿಯೇ. ಒಂದು ವಾರ, ಹತ್ತು ದಿನ ಅಜ್ಜಿಯ ಹಾಗೆ ನಡೆಯಿರಿ, ಹೊಲಿಗೆಯ ಮೇಲೆ ಎಳೆತ ಕಡಿಮೆ ಆಗುತ್ತದೆ. ಆಮೇಲೆ ತಾನಾಗಿ ನೆಟ್ಟಗಾಗುತ್ತೀರಿ. ಆದರೆ ನಡೆಯಲೇಬೇಕು. ಬಾಣಂತಿಯ ಹಾಗೆ ಮಂಚ ಹಿಡಿದು ಮಲಗಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ಹೊಕ್ಕುಳ ಕೆಳಗೆ ಜೋಮು ಹಿಡಿದ ಹಾಗೆ ಇರುವುದು ತಿಂಗಳುಗಟ್ಟಲೆ ಇರುತ್ತದೆ. ಅಲ್ಲಿ ಬಿಸಿನೀರಿನ ಚೀಲ ಇಡಬೇಡಿ. ಸುಟ್ಟರೂ ಗೊತ್ತಾಗುವುದಿಲ್ಲ.

ಪ್ರಶ್ನೆ (55, ಶಿರಸಿ): ಭಾರದ ಜುಮಕಿ ಹಾಕಿ ಹಾಕಿ ಕಿವಿ ಹರಿದಿತ್ತು, ಹೊಲಿಸಿಕೊಂಡೆ. ಓಲೆ ಯಾವಾಗ ಹಾಕಲಿ?

ಉತ್ತರ: ಮತ್ತೆ ಚುಚ್ಚಿಸಲು ಎರಡು ಮೂರು ತಿಂಗಳು ತಡೆಯಿರಿ. ಹೊಲಿದ ಗೆರೆಯ ಮೇಲೆ ಚುಚ್ಚಿಸಬೇಡಿ, ಪಕ್ಕದಲ್ಲಿ ಚುಚ್ಚಿಸಿ. ಗೆರೆ ಕೆಂಪಾಗಿ ಸ್ವಲ್ಪ ಉಬ್ಬಿದರೆ ಹೆದರಬೇಡಿ, ಎರಡು ಮೂರು ತಿಂಗಳಿಗೆ ಹೆಚ್ಚಾಗಿ ಆಮೇಲೆ ಮಾಸುತ್ತದೆ. ಗಾಯದ ಗಡಿ ದಾಟಿ ಗಂಟಿನ ಹಾಗೆ ಬೆಳೆಯುತ್ತಿದ್ದರೆ ಅದು ಕೀಲಾಯ್ಡ್. ಬೇಗ ತೋರಿಸಿದರೆ ಇಂಜೆಕ್ಷನ್‌ನಲ್ಲೇ ಹಿಡಿತಕ್ಕೆ ಬರಬಹುದು. ಸುಮ್ನೆ ಕತ್ತರಿಸಿ ತೆಗೆದರೆ ಮೊದಲಿಗಿಂತ ದೊಡ್ಡದಾಗಿ ಬರುವುದುಂಟು. ಜುಮಕಿ ಮದುವೆ ಮುಂಜಿಗೆ ಮಾತ್ರ ಇರಲಿ.

ಪ್ರಶ್ನೆ (ಮೈಸೂರು, ಮಗಳ ಪರವಾಗಿ ಅಪ್ಪ): ಮಗಳು ಲಿಪೊಸಕ್ಷನ್ ಮಾಡಿಸಿಕೊಳ್ಳುತ್ತೇನೆ ಅನ್ನುತ್ತಾಳೆ. 2022ರಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಆಪರೇಷನ್ ನಂತರ ತೀರಿಕೊಂಡರಲ್ಲ, ಅಂದಿನಿಂದ ನನಗೆ ಭಯ.

ಉತ್ತರ: ಭಯ ಪಡುವುದರಲ್ಲಿ ತಪ್ಪಿಲ್ಲ. ಆ ಪ್ರಕರಣದ ಬಗ್ಗೆ ನಾನು ಮಾತಾಡುವುದಿಲ್ಲ. ಮಗಳಿಗೆ ಮೊದಲು ಒಂದು ವಿಷಯ ಹೇಳಿ. ಇದು ತೂಕ ಇಳಿಸುವ ಆಪರೇಷನ್ ಅಲ್ಲ. ಹಠ ಹಿಡಿದು ಒಂದೇ ಕಡೆ ಕೂತ ಕೊಬ್ಬನ್ನು ತೆಗೆದು ಆಕಾರ ಸರಿ ಮಾಡುವುದು, ಅಷ್ಟೆ. ಹತ್ತು ಕಿಲೋ ಇಳಿಸಿ ಕೊಡುತ್ತೇವೆ ಅನ್ನುವ ಕಡೆ ಹೋಗಬೇಡಿ.

ಆಪರೇಷನ್ ಮಾಡುವವರಿಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಪದವಿ ಇದೆಯಾ? ಅರಿವಳಿಕೆ ಕೊಡುವ ಡಾಕ್ಟರ್ ಪೂರ್ತಿ ಹೊತ್ತು ಅಲ್ಲೇ ಇರುತ್ತಾರಾ? ಏನಾದರೂ ಆದರೆ ಐಸಿಯು ಎಲ್ಲಿದೆ? ಮೂರನ್ನೂ ನೇರವಾಗಿ ಕೇಳಿ. ಸಿಟ್ಟು ಮಾಡಿಕೊಂಡರೆ ಅದೇ ಉತ್ತರ ಅಂತ ತಿಳಿದುಕೊಳ್ಳಿ. ಒಂದೇ ಸಲ 5 ಲೀಟರ್‌ಗಿಂತ ಜಾಸ್ತಿ ತೆಗೆಯುವುದಾದರೆ ದೊಡ್ಡ ಆಸ್ಪತ್ರೆಯೇ ಆಗಬೇಕು, ರಾತ್ರಿ ಅಲ್ಲೇ ನಿಗಾದಲ್ಲಿ ಇರಬೇಕು.

ಮನೆಗೆ ಬಂದ ಮೇಲೆ ಉಸಿರು ಸಿಕ್ಕಿಹಾಕಿಕೊಂಡ ಹಾಗಾದರೆ, ಎದೆ ನೋವು ಬಂದರೆ, ಒಂದು ಮೀನಖಂಡ ಮಾತ್ರ ಊದಿ ನೋವಾದರೆ, ಮಾತು ತೊದಲಿದರೆ, ವಾಟ್ಸಾಪ್ ಮಾಡಿ ಕಾಯಬೇಡಿ. ಹತ್ತಿರದ ಎಮರ್ಜೆನ್ಸಿಗೆ ಹೋಗಿ, ಫೋನು ದಾರಿಯಲ್ಲಿ ಮಾಡಿ.

ಪ್ರಶ್ನೆ (22, ಕಲಬುರಗಿ): ಎದೆ ಉಬ್ಬಿದ್ದಕ್ಕೆ ಗೈನೆಕೊಮಾಸ್ಟಿಯಾ ಆಪರೇಷನ್ ಆಗಿ ಎರಡು ವಾರ. ಬಲಗಡೆ ನಿಧಾನಕ್ಕೆ ಉಬ್ಬುತ್ತಿದೆ, ಒತ್ತಿದರೆ ನೀರು ಅಲುಗಿದ ಹಾಗೆ. ಈ ಬಿಸಿಲಿಗೆ ಬಿಗಿ ಬನಿಯನ್ ಹಾಕಲು ಆಗುತ್ತಿಲ್ಲ, ಬಿಟ್ಟಿದ್ದೇನೆ.

ಉತ್ತರ: ಬನಿಯನ್ ಬಿಟ್ಟಿದ್ದೇ ಕಾರಣ ಇರಬಹುದು. ಒಳಗೆ ನೀರು ತುಂಬಿಕೊಂಡಿರುವ ಹಾಗಿದೆ. ನಾಳೆಯೇ ಹೋಗಿ ತೋರಿಸಿ, ಹೆಚ್ಚಾಗಿ ಸೂಜಿಯಲ್ಲೇ ತೆಗೆದುಬಿಡುತ್ತಾರೆ. ಎರಡು ಬನಿಯನ್ ಇಟ್ಟುಕೊಂಡು ದಿನಾ ಒಗೆದು ಬದಲಿಸಿ, ಒಳಗೆ ತೆಳು ಹತ್ತಿ ಬಟ್ಟೆ ಇರಲಿ. ನಿಮ್ಮ ಡಾಕ್ಟರ್ ಬೇರೆ ಹೇಳದಿದ್ದರೆ ನಾಲ್ಕರಿಂದ ಆರು ವಾರ ಹಾಕಬೇಕು. ಓದುವ ಬೇರೆಯವರಿಗೂ ಹೇಳುತ್ತೇನೆ. ಇದೇ ಊತ ಆಪರೇಷನ್ ಆದ ಮೊದಲ ಒಂದೆರಡು ದಿನದಲ್ಲಿ, ಒಂದೇ ಕಡೆ, ದಿಢೀರಂತ ಬಿಗಿಯಾಗಿ ಬಂದರೆ ಅದು ರಕ್ತ. ಆಗ ನಾಳೆ ಅನ್ನಬಾರದು, ಆ ರಾತ್ರಿಯೇ ಹೋಗಬೇಕು.

ದಾವಣಗೆರೆಯವರು ಮತ್ತೆ: ಡಾಕ್ಟ್ರೇ, ಅಮ್ಮನಿಗೆ ಓದಿ ಹೇಳಿದೆ. ಕಾವಸ್‌ಜಿಗೆ ಪಾಪ ಅಂದರು, ನನಗೆ ಅನ್ನಲಿಲ್ಲ. ಮದುವೆಗೆ ಒತ್ತಿ ಹಾಕಿಕೊಳ್ಳುವ ನತ್ತು ಹಾಕಬಹುದಾ?

ಉತ್ತರ: ಬೇಡ. ಅಕ್ಕನ ಮದುವೆ ಅಲ್ವಾ, ನತ್ತು ಅಕ್ಕನೇ ಹಾಕಿಕೊಳ್ಳಲಿ.