ಒಂದನೇ ಕ್ಲಾಸ್ ಅಡ್ಮಿಷನ್ ಟೆಸ್ಟ್‌ಗೆ ಮಗೂನ ಹೇಗೆ ತಯಾರು ಮಾಡೋದು?

ಕುವೆಂಪುನಗರ_ಅಮ್ಮ:
ಮಗಳು ಯುಕೆಜಿ. ಮೈಸೂರಲ್ಲಿ ನಾವು ನೋಡಿರೋ ಖಾಸಗಿ ಶಾಲೆಯಲ್ಲಿ ಜನವರಿಗೆ ‘ಇಂಟರಾಕ್ಷನ್’ ಇದೆ. ಮಗು ಒಬ್ಬಳನ್ನೇ ಒಳಗೆ ಕರ್ಕೊಂಡು ಹೋಗಿ ಇಪ್ಪತ್ತು ನಿಮಿಷ ನೋಡ್ತಾರಂತೆ. ನೂರರವರೆಗೆ ಹೇಳ್ತಾಳೆ, ಆದ್ರೆ ಎದುರಿಗಿಟ್ಟಿದ್ದನ್ನ ಎಣಿಸು ಅಂದ್ರೆ ತಪ್ಪುತ್ತೆ. ಪೆನ್ಸಿಲ್ ಮುಷ್ಟಿಯಲ್ಲಿ ಹಿಡೀತಾಳೆ. ಮನೆಮಾತು ಕನ್ನಡ, ಅಲ್ಲಿ ಇಂಗ್ಲಿಷ್. ಮೂರು ತಿಂಗಳಿಗೆ ಕೋಚಿಂಗ್ ಹಾಕ್ಬೇಕಾ?

ಶಿಶುವಿಹಾರ_ಟೀಚರ್:
ಕೋಚಿಂಗ್ ದಂಡ. ನೂರರವರೆಗೆ ಹೇಳೋದು ಬಾಯಿಪಾಠ, ಅಲ್ಲಿ ನೋಡೋದು ಎಣಿಕೆ. ಏಳು ಹುಣಸೆ ಬೀಜ ಸಾಲಾಗಿಡಿ. ಬಾಯಿ ಮುಂದೆ ಓಡುತ್ತೆ, ಬೆರಳು ಹಿಂದೆ ಉಳಿಯುತ್ತೆ, ಲೆಕ್ಕ ತಪ್ಪೋದೇ ಅಲ್ಲಿ. ಬರೀ ಮುಟ್ಟಿಸಬೇಡಿ, ಒಂದೊಂದೇ ಎತ್ತಿ ಬಟ್ಟಲಿಗೆ ಹಾಕ್ತಾ ಎಣಿಸಲಿ. ಮುಗಿದ ಮೇಲೆ “ಒಟ್ಟು ಎಷ್ಟು?” ಅನ್ನಿ. ಮತ್ತೆ ಒಂದರಿಂದ ಶುರು ಮಾಡಿದ್ರೆ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಅನ್ನೋದು ಇನ್ನೂ ತಲೇಲಿ ಕೂತಿಲ್ಲ. ಕೂರೋವರೆಗೂ ಹತ್ತು ದಾಟಬೇಡಿ. ಆಮೇಲೆ ಅದೇ ಬೀಜ ದೂರ ದೂರ ಹರಡಿ “ಈಗ ಜಾಸ್ತಿ ಆಯ್ತಾ?” ಅಂತ ಕೇಳಿ. ಈ ವಯಸ್ಸಿನ ಎಷ್ಟೋ ಮಕ್ಕಳು ಹೌದು ಅಂತಾರೆ. ತಿದ್ದೋಕೆ ಹೋಗ್ಬೇಡಿ, ಇನ್ನೊಂದು ಸಲ ಎಣಿಸಲಿ.

ಸಂಜೆ ಚೌಕಾಬಾರ ಆಡ್ಸಿ. ಬಿದ್ದ ಕವಡೆ ನೋಡಿದ ಕೂಡಲೇ ಮೂರು ಅನ್ನೋದು, ಅಷ್ಟು ಮನೆ ಕಾಯಿ ನಡೆಸೋದು, ಸರದಿ ಕಾಯೋದು, ಎಲ್ಲಾ ಅದ್ರಲ್ಲೇ ಬಂತು. ಯಾವ ವರ್ಕ್‌ಶೀಟೂ ಇಷ್ಟು ಕೊಡಲ್ಲ.

ಪೆನ್ಸಿಲ್‌ಗೆ: ಕ್ರೇಯಾನ್ ಮುರಿದು ಒಂದಿಂಚಿನ ತುಂಡು ಕೊಡಿ. ಅಷ್ಟು ಚಿಕ್ಕದು ಮುಷ್ಟಿಗೆ ಸಿಗಲ್ಲ, ಬೆರಳಿನ ತುದೀಲೇ ಹಿಡೀಬೇಕು. ಗೋಡೆಗೆ ಹಾಳೆ ಅಂಟಿಸಿ ಮಗುವಿನ ಕಣ್ಣಿನ ಮಟ್ಟಕ್ಕೆ ಬರೆಸಿದ್ರೆ ಮಣಿಕಟ್ಟೂ ಸರಿ ಹೋಗುತ್ತೆ. ಅವರೆಕಾಯಿ ಕಾಲ ಹೇಗೂ ಬರ್ತಿದೆ. ನೆನೆಸಿದ ಕಾಳು ಹಿತುಕೋಕೆ ಕೂರಿಸಿ, ಹೆಬ್ಬೆರಳು-ತೋರುಬೆರಳಿಗೆ ಬಲ ಬರುತ್ತೆ. ತ್ರಿಕೋನ ನೋಡಿ ಬರೆಯೋದು ಸುಮಾರು ಐದಕ್ಕೆ ಬರುತ್ತೆ, ಡೈಮಂಡ್ ಆಕಾರ ಆರೇಳಕ್ಕೆ. ಅದು ಬರ್ಲಿಲ್ಲ ಅಂತ ಗಾಬರಿ ಬೇಡ.

ಸರಸ್ವತಿಪುರಂ_ವಕೀಲ:
ಒಂದು ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಮಗುವನ್ನಾಗಲಿ ತಂದೆ-ತಾಯಿಯನ್ನಾಗಲಿ ಪರೀಕ್ಷಿಸಿ ಸೀಟು ಕೊಡೋ ಹಾಗಿಲ್ಲ. ಮೊದಲ ಸಲಕ್ಕೆ 25,000 ರೂ.ವರೆಗೆ ದಂಡ, ಆಮೇಲೆ ಪ್ರತಿ ಸಲಕ್ಕೂ 50,000. ಟೆಸ್ಟ್ ಅನ್ನದೆ ಇಂಟರಾಕ್ಷನ್ ಅನ್ನೋದು ಇದಕ್ಕೇ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಮಾತ್ರ ಈ ಕಾಯ್ದೆ ಅನ್ವಯಿಸಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸೀಟು ಬೇಕಾದೋರು ದೂರು ಕೊಡಲ್ಲ ಅನ್ನೋದೂ ಗೊತ್ತಿರೋದೇ. ಕೊಡೋದಾದ್ರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ. ಜೂನ್ 1ಕ್ಕೆ ಆರು ತುಂಬುತ್ತಾ ಅಂತ ಜನನ ಪ್ರಮಾಣಪತ್ರ ನೋಡ್ಕೊಳ್ಳಿ. 5 ವರ್ಷ 5 ತಿಂಗಳಾಗಿದ್ರೂ ಸಾಕು ಅಂತ ಸಡಿಲಿಕೆ ಕೊಟ್ಟಿದ್ದು 2025-26ಕ್ಕೆ.

ಒಂಟಿಕೊಪ್ಪಲ್_ಮಿಸ್:
ಇಂಗ್ಲಿಷ್‌ಗೆ “ಮೈ ನೇಮ್ ಈಸ್...” ಉರು ಹೊಡೆಸಬೇಡಿ. ಹಾಗೆ ಕಲಿತ ಮಕ್ಕಳು “ಹೂ ಕೇಮ್ ವಿತ್ ಯೂ?” ಅಂದ್ರೂ ಅದನ್ನೇ ಒಪ್ಪಿಸ್ತಾರೆ. ಮಾತಾಡೋದಕ್ಕಿಂತ ಮುಂಚೆ ಕೇಳಿ ಮಾಡೋದು ಬರಲಿ. “ಟೇಕ್ ದ ರೆಡ್ ಕಪ್.” ಅದು ಸಲೀಸಾದ್ಮೇಲೆ “ಪುಟ್ ಇಟ್ ಅಂಡರ್ ದ ಟೇಬಲ್” ಸೇರಿಸಿ, ಆಮೇಲೆ “ಕಮ್ ಬ್ಯಾಕ್ ಅಂಡ್ ಸಿಟ್”. ಮೂರನ್ನೂ ಒಟ್ಟಿಗೆ ಒಂದೇ ಸಲ ಹೇಳಿ. ಬೆರಳು ತೋರಿಸಬೇಡಿ, ಮಗು ಮಾತು ಬಿಟ್ಟು ಕೈ ನೋಡೋಕೆ ಶುರು ಮಾಡುತ್ತೆ. ದಿನಕ್ಕೆ ಹತ್ತು ನಿಮಿಷ ಸಾಕು. “ಐ ಡೋಂಟ್ ನೋ” ಅನ್ನೋದನ್ನೂ ಕಲಿಸಿ, ಗೊತ್ತಿಲ್ಲದಾಗ ಬಾಯಿ ಕಟ್ಟಿ ಕೂರೋದು ತಪ್ಪುತ್ತೆ. ಪಕ್ಕದ ಮನೆಯೋರ ಹತ್ರ ಇಪ್ಪತ್ತು ನಿಮಿಷ ಬಿಟ್ಟು ಅಭ್ಯಾಸ ಮಾಡ್ಸಿ. ಸಮಯ ಕೇಳಿದ್ರೆ ಬೆಳಗಿಂದೇ ತಗೊಳ್ಳಿ. ಊಟದ ಹೊತ್ತಾದ್ರೆ ಕಲಿತಿದ್ದೂ ಬರಲ್ಲ.

ಕುವೆಂಪುನಗರ_ಅಮ್ಮ:
ತುಂಬಾ ಥ್ಯಾಂಕ್ಸ್. ಕತ್ತರಿಯಲ್ಲಿ ಕಾಗದ ಕತ್ತರಿಸೋಕೂ ಕೊಡ್ತಾರಂತೆ. ಇವಳು ಎಡಗೈ.

ಶಿಶುವಿಹಾರ_ಟೀಚರ್:
ಎಡಗೈಯವರ ಕತ್ತರಿಯೇ ಬೇರೆ ಸಿಗುತ್ತೆ, ಮೊಂಡು ತುದಿಯದ್ದು ತಗೊಳ್ಳಿ. ಬಲಗೈ ಕತ್ತರಿ ಎಡಗೈಲಿ ಹಿಡಿದ್ರೆ ಮೇಲಿನ ಅಲಗು ಗೆರೆ ಮುಚ್ಚುತ್ತೆ, ಕಾಗದ ಕತ್ತರಿಸೋ ಬದಲು ಮಡಚಿಕೊಳ್ಳುತ್ತೆ. ಹಳೇ ಮದುವೆ ಕಾರ್ಡಲ್ಲಿ ಎರಡು ಬೆರಳಗಲದ ಪಟ್ಟಿ ಮಾಡಿ, ಅಡ್ಡ ಗೆರೆ ಎಳೆದು ಕೊಡಿ, ಒಂದು ಸಲ ಒತ್ತಿದ್ರೆ ತುಂಡಾಗ್ಬೇಕು. ಅದು ಬಂದ್ಮೇಲೆ ಉದ್ದ ಗೆರೆ. ಟೆಸ್ಟ್ ದಿನ ಅವಳ ಕತ್ತರಿ ಬ್ಯಾಗಲ್ಲಿ ಹಾಕ್ಕೊಂಡು ಹೋಗಿ ಅಲ್ಲಿನ ಮಿಸ್ ಕೈಗೇ ಕೊಡಿ.